ಹೆಬ್ಬೆರಳು ಒತ್ತಿದರೆ ಹೊಣೆ ಹೊತ್ತ ಹಾಗಾ?

(ಓದುಗರೊಬ್ಬರ ಪತ್ರದ ಸಾರ: “28 ವರ್ಷ ಸರ್ವೀಸಾಗಿದೆ. ಕೈಕೆಳಗೆ ಎಂಟು ಜನ, ಎಲ್ಲ ಮೂವತ್ತರೊಳಗಿನವರು. ಏನು ಹೇಳಿದರೂ ‘ಯಾಕೆ’ ಅಂತಾರೆ. ಹೊಸ ದರಪಟ್ಟಿ ನೋಡಿಕೊಳ್ಳಿ ಅಂತ ಎಲ್ಲರಿಗೂ ಮೇಲ್ ಹಾಕಿದ್ದೆ. ಗ್ರಾಹಕರಿಗೆ ಹೋಗಿದ್ದು ಹಳೆಯದು, ಫೈಲಿನ ಹೆಸರಲ್ಲೇ ತಿಂಗಳು ಇದ್ದರೂ! ಕೇಳಿದರೆ, ಯಾರೂ ಹೇಳಲಿಲ್ಲ ಅಂತಾರೆ. ನಮ್ಮ ಕಾಲದಲ್ಲಿ ಹೀಗಿತ್ತಾ?”)

ಮಾನ್ಯರೇ,

ನಿಮ್ಮ ಪತ್ರ ಮೊದಲ ಸಲ ಓದಿದಾಗ ತಲೆಯಾಡಿಸಿದೆ. ಎರಡನೇ ಸಲಕ್ಕೆ ಸ್ವಲ್ಪ ಕಸಿವಿಸಿಯಾಯಿತು. ನಾನೂ ನಿಮ್ಮ ಓರಗೆಯವನೇ.

ನಮ್ಮ ಕಾಲದ್ದೇ ಒಂದು ಕೇಳಿ. ನಾನು ಕೆಲಸ ಕಲಿತ ಕಡೆ, ಪುಟ ಅಚ್ಚಿಗೆ ಹೋಗುವ ಮುಂಚೆ ಕರಡಚ್ಚಿನ ಮೂಲೆಯಲ್ಲಿ ಮೂವರು ಕೆಂಪು ಶಾಯಿಯಲ್ಲಿ ಸಹಿ ಹಾಕಬೇಕಿತ್ತು. ಒಂದು ಸಲ ದಪ್ಪಕ್ಷರದ ತಲೆಬರಹದಲ್ಲೇ ಹೆಸರು ತಪ್ಪಾಗಿ ಅಚ್ಚಾಯಿತು. ಮೂರೂ ಸಹಿ ಇದ್ದವು. ಕೊನೆಯದು ನನ್ನದು. ಹಿರಿಯರು ನೋಡಿದ್ದಾರಲ್ಲ ಅಂತ ಸುಮ್ನೆ ಗೀಚಿದ್ದೆ. ಹೇಗೂ ಹುಡುಗ ಓದುತ್ತಾನೆ ಅಂತ ಅವರು ಅಂದುಕೊಂಡಿದ್ದರಂತೆ. ಬೈಸಿಕೊಂಡವನು ಮಾತ್ರ ನಾನೊಬ್ಬನೇ. ಅದಾದ ಮೇಲೆ ಎಷ್ಟೋ ತಿಂಗಳು, ನನ್ನ ತಪ್ಪು ನನ್ನ ಕಣ್ಣಿಗೇ ಬಿದ್ದರೂ ಬಾಯಿ ಬಿಡುತ್ತಿರಲಿಲ್ಲ.

ಮೊನ್ನೆ ಮೊನ್ನೆಯವರೆಗೂ ನಮ್ಮಲ್ಲಿ ಪುಟ ವಾಟ್ಸಾಪ್ ಗ್ರೂಪಿಗೆ ಬರುತ್ತಿತ್ತು. ‘ಸರಿ’ ಅನ್ನುವ ಐದು ಹೆಬ್ಬೆರಳು ಬೀಳುತ್ತಿದ್ದವು. ಯಾರು ಓದಿದರು, ಯಾರು ಬರೀ ಒತ್ತಿದರು, ದೇವರಿಗೇ ಗೊತ್ತು.

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದರು. ಒಳ್ಳೆಯ ಮುಖ್ಯಸ್ಥರಿದ್ದ ತಂಡಗಳಲ್ಲೇ ತಪ್ಪು ಜಾಸ್ತಿ ಕಂಡಿತು! ಅಲ್ಲಿನವರು ತಪ್ಪನ್ನು ಹೇಳಿಕೊಳ್ಳುತ್ತಿದ್ದರು. ಹೆದರಿಕೆ ಇದ್ದ ಕಡೆ ಅದು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಇನ್ನು ತಲೆಮಾರಿನ ಮಾತು. ಹುಟ್ಟಿದ ವರ್ಷ ನೋಡಿ ‘ಮಿಲೇನಿಯಲ್’ ಅಂತೆಲ್ಲ ಹಣೆಪಟ್ಟಿ ಹಚ್ಚಿ ನೌಕರರನ್ನು ನಿಭಾಯಿಸುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂತ 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿ ಹೇಳಿತು. ಇಪ್ಪತ್ತೈದರಲ್ಲಿ ನಾವೂ ‘ಯಾಕೆ’ ಅಂತಿದ್ದೆವು, ಕ್ಯಾಂಟೀನಿನಲ್ಲಿ ಕೂತು. ಇವರು ಎದುರಿಗೇ ಕೇಳುತ್ತಾರೆ.

ಈಗ ನಿಮ್ಮ ಮೇಲ್. ಎಂಟು ಜನಕ್ಕೆ ಒಟ್ಟಿಗೆ ಹೇಳಿದ್ದು ಯಾರಿಗೂ ಹೇಳದ ಹಾಗೆ. ಒಬ್ಬರ ಹೆಸರು ಹಿಡಿದು, “ಕಳಿಸೋದು ನಿನ್ನ ಕೆಲಸ, ತಿಂಗಳು ನೋಡಿ ಕಳಿಸು” ಅಂದಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಹಾಗಂತ ಹುಡುಗರಿಗೆ ಪೂರ್ತಿ ಮಾಫಿ ಇಲ್ಲ. “ಯಾರೂ ಹೇಳಲಿಲ್ಲ” ಅನ್ನುವ ಮಾತು ನನಗೂ ಮೈ ಉರಿಸುತ್ತದೆ. ಫೈಲಿನ ಹೆಸರು ಓದೋಕೆ ಯಾರ ಅಪ್ಪಣೆ ಬೇಕು? ಇದನ್ನು ನೇರವಾಗಿ ಹೇಳಿ. ಎಂಟೂ ಜನರನ್ನು ನಿಲ್ಲಿಸಿಕೊಂಡು ಬೇಡ, ಕಳಿಸಿದವರನ್ನು ಮಾತ್ರ ಕೂರಿಸಿಕೊಂಡು. ಆ ಮೇಲ್ ಹಾಕಿದ ರೀತಿ ಸರಿಯಿರಲಿಲ್ಲ ಅಂತ ಮೊದಲು ನೀವೇ ಒಪ್ಪಿಕೊಂಡರೆ ಮುಂದಿನ ಮಾತು ಸಲೀಸು.

ನಾವು ಹೆಬ್ಬೆರಳು ನಿಲ್ಲಿಸಿದ್ದೇವೆ. ಈಗ ಒಂದು ಪುಟಕ್ಕೆ ಒಬ್ಬರೇ. ಓದಿ, ತಿದ್ದಿದ್ದೇನು ಅಂತ ಹೆಸರು ಸಮೇತ ಬರೆಯಬೇಕು. ಮೊದಲ ವಾರವೇ ಸಿಕ್ಕಿಬಿದ್ದವನು ನಾನು. ಹಿಡಿದವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಹುಡುಗಿ. “ಸರ್, ಎರಡನೇ ಕಾಲಂ ಓದೇ ಇಲ್ಲ ಅಲ್ವಾ?” ಅಂದಳು. ಓದಿರಲಿಲ್ಲ.

– ಸಂಪಾದಕ