ಬಾಣದ ದಿಕ್ಕು ತಿರುಗಿಸಿ ಬರೆಯಿರಿ

ಆತ್ಮೀಯರೇ,

ನೀವು ಕಳುಹಿಸಿದ ‘ಮರುವಾಯಿಯ ವಿಷಕ್ಕೆ ನೆಲನೆಲ್ಲಿಯ ಮದ್ದು’ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ವಿಷಯವನ್ನು ಕೈಬಿಡಬೇಡಿ.

ನಿಮ್ಮ ವಾದ ಹೀಗಿದೆ: ಮರುವಾಯಿಯಂಥ ಚಿಪ್ಪುಮೀನಿನಲ್ಲಿ ವಿಬ್ರಿಯೊ ಬ್ಯಾಕ್ಟೀರಿಯಾ ಇರುತ್ತದೆ, ಅದು ಯಕೃತ್ತಿನ ಕೋಶಗಳನ್ನು ಕೊಲ್ಲುತ್ತದೆ, ನೆಲನೆಲ್ಲಿಯ ಸಾರ ಅವನ್ನು ಉಳಿಸುತ್ತದೆ, ಹಾಗಾಗಿ ಊಟದ ನಂತರ ಕಷಾಯ ಕುಡಿದರೆ ಸಾಕು. ಮೊದಲ ಮಾತು ನಿಜ. ಕೊನೆಯದನ್ನು ನಂಬಿ ಯಾರಾದರೂ ಆಸ್ಪತ್ರೆಗೆ ಹೋಗುವುದನ್ನು ತಡಮಾಡಿದರೆ ಜೀವಕ್ಕೇ ಕುತ್ತು.

‘ಪ್ರಯೋಗದಲ್ಲಿ ಸಾಬೀತಾಗಿದೆ’ ಎಂದು ಬರೆದಿದ್ದೀರಿ. ಆ ಪ್ರಯೋಗ ನಡೆದದ್ದು ಹೆಪ್‌ಜಿ2 ಕೋಶಗಳ ಮೇಲೆ ಎಂಬುದು ನಿಮ್ಮ ಲೇಖನದ ಮೂಲೆಯಲ್ಲಿ ಅರ್ಧ ಸಾಲಾಗಿ ಉಳಿದಿದೆ. ಅರ್ಜೆಂಟೀನಾದ 15 ವರ್ಷದ ಹುಡುಗನೊಬ್ಬನ ಯಕೃತ್ತಿನ ಗೆಡ್ಡೆಯಿಂದ 1970ರ ದಶಕದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳವು. ಔಷಧಿಯನ್ನೂ ವಿಷವನ್ನೂ ಒಡೆಯುವ ಸೈಟೊಕ್ರೋಮ್ ಪಿ450 ಕಿಣ್ವಗಳು ಅವುಗಳಲ್ಲಿ ಬಹಳ ಕಡಿಮೆ. ಪ್ರಯೋಗಾಲಯದ ತಟ್ಟೆಯಲ್ಲಿ ಸಾರ ನೇರವಾಗಿ ಕೋಶದ ಮೇಲೆ ಬೀಳುತ್ತದೆ. ಕುಡಿದ ಕಷಾಯ ಜಠರ, ಕರುಳು ದಾಟಬೇಕು. ಅರಿಶಿನದ ಕರ್ಕ್ಯುಮಿನ್ ತಟ್ಟೆಯಲ್ಲಿ ಏನೆಲ್ಲ ಮಾಡುತ್ತದೆ! ನುಂಗಿದಾಗ ರಕ್ತಕ್ಕೆ ಸೇರುವುದು ಅತ್ಯಲ್ಪ.

ನೆಲನೆಲ್ಲಿಯ ನಿಜವಾದ ಕಥೆ ನಿಮ್ಮ ಊಹೆಗಿಂತ ಸ್ವಾರಸ್ಯಕರ. ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಅದನ್ನು ಕೊಟ್ಟರು. ಮದ್ದು ಪಡೆದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಮಾಯವಾಯಿತು. ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ. 1988ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಈ ಫಲಿತಾಂಶ ಥಾಯ್ಲೆಂಡ್‌ನಲ್ಲಿ ಮರುಕಳಿಸಲಿಲ್ಲ. ಆಸೆ ಹುಟ್ಟಿದ್ದು, ಪರೀಕ್ಷೆಗೆ ಒಳಗಾಗಿದ್ದು, ಸೋತದ್ದು, ಮೂರನ್ನೂ ಬರೆಯಿರಿ. ಸಸ್ಯದಿಂದ ಬಂದದ್ದೆಲ್ಲ ಯಕೃತ್ತಿಗೆ ಹಿತವೆಂಬ ಧ್ವನಿಯನ್ನಂತೂ ತೆಗೆದುಹಾಕಿ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟಾದವರ ವರದಿಗಳನ್ನು 2021ರಲ್ಲಿ ಮುಂಬೈಯ ವೈದ್ಯರು ಪ್ರಕಟಿಸಿದ್ದಾರೆ.

ಇನ್ನು ನೀವು ತಲೆಕೆಳಗಾಗಿಸಿರುವ ಸಂಗತಿ. ಚಿಪ್ಪುಮೀನಿನಿಂದ ಸಾಮಾನ್ಯವಾಗಿ ಹರಡುವ ವಿಬ್ರಿಯೊ ಪ್ಯಾರಾಹಿಮೊಲಿಟಿಕಸ್ ಕಾಡುವುದು ಮುಖ್ಯವಾಗಿ ಕರುಳನ್ನು: ಭೇದಿ, ಹೊಟ್ಟೆನೋವು, ವಾಂತಿ. ಅದರ ದಾಯಾದಿ ವಿಬ್ರಿಯೊ ವಲ್ನಿಫಿಕಸ್ ಹಾಗಲ್ಲ. ಯಕೃತ್ತು ಮೊದಲೇ ಹಾಳಾಗಿರುವವರ ರಕ್ತದಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ, ಆ ಬ್ಯಾಕ್ಟೀರಿಯಾ ಅದನ್ನು ಬಳಸಿಕೊಂಡು ಬಿರುಸಾಗಿ ಬೆಳೆಯುತ್ತದೆ. ರಕ್ತಕ್ಕೆ ಇಳಿದರೆ ಅರ್ಧದಷ್ಟು ರೋಗಿಗಳು ಸಾಯುತ್ತಾರೆ. ಅಂದರೆ ಬ್ಯಾಕ್ಟೀರಿಯಾ ಯಕೃತ್ತನ್ನು ಕೆಡಿಸುತ್ತದೆ ಎನ್ನುವುದಕ್ಕಿಂತ, ಕೆಟ್ಟ ಯಕೃತ್ತೇ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆಯುತ್ತದೆ ಎನ್ನುವುದು ಸರಿ. ಮದ್ಯಪಾನದಿಂದಲೋ ಹೆಪಟೈಟಿಸ್‌ನಿಂದಲೋ ಸಿರೋಸಿಸ್ (ಯಕೃತ್ತು ಗಡುಸಾಗಿ ಕೆಡುವ ರೋಗ) ಆಗಿರುವ ಓದುಗನಿಗೆ ತಿಳಿಯಲೇಬೇಕಾದ ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ನನಗೆ ಹೆಚ್ಚು ಬೇಸರವಾದದ್ದು ಇಲ್ಲೇ.

ನಮ್ಮ ಕರಾವಳಿಯವರನ್ನು ಸುಮ್ಮನೆ ಹೆದರಿಸುವುದೂ ಬೇಡ. ಮರುವಾಯಿ ಸುಕ್ಕ ಚೆನ್ನಾಗಿ ಬೆಂದೇ ಬಟ್ಟಲಿಗೆ ಬರುತ್ತದೆ. ಚಿಪ್ಪು ಬಾಯಿ ತೆರೆದ ಮೇಲೂ ಮೂರರಿಂದ ಐದು ನಿಮಿಷ ಕುದಿಸಬೇಕು, ಬಾಯಿ ತೆರೆಯದವನ್ನು ಎಸೆಯಬೇಕು ಎಂಬುದನ್ನು ಮಾತ್ರ ಸೇರಿಸಿ. ಗಾಯದ ಮೂಲಕವೂ ವಲ್ನಿಫಿಕಸ್ ಒಳಹೊಗುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸುವವರ ಕೈಗೆ ಚಿಪ್ಪು ತಗುಲಿ ಗೀರಾದರೆ ಏನು ಮಾಡಬೇಕೆಂದು ವೈದ್ಯರನ್ನು ಕೇಳಿ ಒಂದು ಪ್ಯಾರಾ ಬರೆಯಿರಿ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಚಿಪ್ಪುಮೀನಿನ ವಿಬ್ರಿಯೊ ಬಗ್ಗೆ ದಶಕಗಳ ಕೆಲಸವಾಗಿದೆ. ಅಲ್ಲಿಯವರನ್ನು ಮಾತನಾಡಿಸದೆ ಈ ಲೇಖನ ಮುಗಿಯುವುದಿಲ್ಲ.

ಭಾಷೆ ನಿಮ್ಮ ಕೈಯಲ್ಲಿ ಚೆನ್ನಾಗಿ ಪಳಗಿದೆ, ಅದರ ಬಗ್ಗೆ ತಕರಾರಿಲ್ಲ. ‘ಪವಾಡ’, ‘ರಾಮಬಾಣ’ ಎರಡನ್ನೂ ಹೊಡೆದುಹಾಕಿ, ಪ್ರತಿ ಫಲಿತಾಂಶದ ಪಕ್ಕದಲ್ಲಿ ಅದು ತಟ್ಟೆಯದೋ, ಇಲಿಯದೋ, ಮನುಷ್ಯರದೋ ಎಂದು ನಮೂದಿಸಿ ಕಳುಹಿಸಿ. ನಾನೇ ಓದುತ್ತೇನೆ.

ಸಂಪಾದಕ