ಮಿನೆಸೋಟಾಕ್ಕ ಬಂದ ತಮ್ಮಗ: ಬಾತುಕೋಳಿಗೆ ಯಾವ ಕಾಡತೂಸು?

ತಮ್ಮಾ, ಆಫೀಸಿನವರು ಅಕ್ಟೋಬರದಾಗ ಬಾತು, ಹೆಬ್ಬಾತು ಶಿಕಾರಿಗೆ ಕರದಾರ, 12 ಬೋರಿನ ಬಂದೂಕು ಅವರ ಕೊಡ್ತಾರ, ಕಾಡತೂಸು ಯಾವುದು ತರಲಿ ಅಂತ ಕೇಳೀದಿ.

ಮೊದಲ ಶಿಕಾರಿ ಲೈಸೆನ್ಸು ತಗೋ. ಎಚ್-1ಬಿ ವೀಸಾದವರು ಅದಿಲ್ಲದ ಬಂದೂಕು, ಕಾಡತೂಸು ಇಟ್ಕೊಂಡ್ರ ಫೆಡರಲ್ ಗುನ್ನೆ. ಸ್ಟ್ಯಾಂಪು-ಗೀಂಪು ಲೈಸೆನ್ಸಿನ ಅಂಗಡಿಯವರ ಹೇಳ್ತಾರ.

ನೀರಹಕ್ಕಿಗೆ ಸೀಸದ ಚರೆ ಅಮೆರಿಕಾದ ತುಂಬ 1991ರಿಂದ ಬಂದ್. ಕೆಸರಿಗೆ ಬಿದ್ದ ಸೀಸ ನುಂಗಿ ಬಾತು ವಿಷ ಏರಿ ಸಾಯ್ತಿದ್ವು. ಹೊಡೀಬೇಕಂತಿಲ್ಲ, ಕಿಸೇದಾಗ ಸಿಕ್ಕರೂ ತಪ್ಪ. ಫೆಸೆಂಟ್ ಅಂದ್ರ ಕೋಳಿಯಂಥ ನೆಲದ ಹಕ್ಕಿ, ಅದಕ್ಕ ಸೀಸ ಬಳಸೋರು ಇರ್ತಾರ; ಅಂಥವರ ಕೋಟು ಎರವಲು ತಗೊಂಡ್ರ ಕಿಸೆ ಝಾಡಿಸಿ ನೋಡು.

ಸ್ಟೀಲ್ ತಗೋ: ಕಾಡತೂಸಿನ ಉದ್ದ 3 ಇಂಚು, ಚರೆ ತೂಕ ಒಂದೂಕಾಲು ಔನ್ಸ್, ಕಾಳಿನ ಅಳತಿ 2 ನಂಬರ್. ಎರಡೂ ಹಕ್ಕಿಗೆ ನಡೀತೈತಿ. ಬರೇ ಬಾತು ಅಂದ್ರ 3 ಇಲ್ಲಾ 4 ನಂಬರ್, ಬರೇ ಹೆಬ್ಬಾತು ಅಂದ್ರ ಬಿಬಿ, ಅದು 2 ನಂಬರಿಗಿಂತ ದಪ್ಪ ಕಾಳು. ನಂಬರ್ ಏರಿದಂಗ ಕಾಳು ಸಣ್ಣ ಆಗ್ತಾವ. ಅಷ್ಟ ತೂಕದಾಗ 2 ನಂಬರಿನವು ಸುಮಾರು 156 ಕಾಳು, ಬಿಬಿ 90. ದಪ್ಪ ಕಾಳಿನ ನಡುವಿನ ಸಂದ್ಯಾಗ ಸಣ್ಣ ಬಾತು ಪಾರಾಗಿ ಹೋಗ್ತಾವ. ಚೋಕು, ಅಂದ್ರ ನಳಿಗಿ ತುದಿಯ ಇಕ್ಕಟ್ಟು, ಮಾಡಿಫೈಡ್ (ನಡುವಿನದು) ಇರಲಿ. ಸ್ಟೀಲ್ ಸೀಸದಂಗ ಮೆತ್ತಗಲ್ಲ, ಹಳೇ ಫುಲ್ ಚೋಕಿನ (ಭಾಳ ಇಕ್ಕಟ್ಟಿನ) ನಳಿಗಿ ಉಬ್ಬಬಹುದು. ಅಜ್ಜನ ಕಾಲದ ಬಂದೂಕು ಕೊಟ್ರ ಬಿಸ್ಮತ್ ಅನ್ನೋ ಮೆತ್ತನ್ನ ಲೋಹದ ಚರೆ ತಗೋ, ತುಟ್ಟಿ ಆದ್ರೂ.

ನಳಿಗಿ ಮ್ಯಾಲ 3 ಇಂಚು ಅಂತ ಇದ್ರ ಮೂರೂವರಿದು ಹಾಕಬ್ಯಾಡ. ಒಳಗ ಹೊಕ್ಕೀತು, ಬಾಯಿ ಬಿಚ್ಚಾಕ ಜಾಗ ಸಾಲದ ಒತ್ತಡ ಏರ್ತೈತಿ. ಹಳದಿ ಬಣ್ಣದ 20 ಬೋರಿನ ಕಾಡತೂಸು ನಿನ್ನ ಚೀಲದಾಗ ಬರಲೇಬಾರದು. ಅದು 12ರ ನಳಿಗ್ಯಾಗ ಜಾರಿ ಸಿಕ್ಕೋತೈತಿ, ಹಿಂದ ಇನ್ನೊಂದು ಹಾಕಿ ಹೊಡದ್ರ ನಳಿಗಿ ಸಿಡೀತೈತಿ.

ಹೊಸದಾಗಿ ಬಂದಾಗ ನಾ ಎಡವಿದ್ದು ದೂರದ ಅಳತ್ಯಾಗ. ಹೆಬ್ಬಾತಿನ ಮೈ ದೊಡ್ಡದು, 60 ಗಜದಾಗಿದ್ರೂ ತಲಿಮ್ಯಾಲ ಬಂದಂಗ ಕಾಣ್ತೈತಿ. ಸ್ಟೀಲ್ ಹಗರ, ಸೀಸದ ಮುಕ್ಕಾಲು ತೂಕಾನೂ ಇಲ್ಲ, ದೂರ ಹೋದಂಗ ಕಸುವು ಲಗೂನ ಕಳ್ಕೋತೈತಿ. ಕಾಳು ಹತ್ತಿದ ಹಕ್ಕಿ ಬೀಳೂದಿಲ್ಲ. ಒಂದು ರೆಕ್ಕಿ ಜೋಲ ಬಿಟ್ಕೊಂಡು ಆಪಿನೊಳಗ ಇಳೀತೈತಿ, ಹುಡುಕಿದ್ರ ಸಿಗೂದಿಲ್ಲ. ಹಂಗ ಬಿಟ್ಟು ಬಂದ ಹಕ್ಕಿ ಇವತ್ತಿಗೂ ಮನಸಿನಿಂದ ಹೋಗವಲ್ದು. ಗದಗ ಜಿಲ್ಲಾದ ಮಾಗಡಿ ಕೆರಿಗೆ ಪಟ್ಟೆತಲೆ ಹೆಬ್ಬಾತು ಇಳಿಯೂದು ನೋಡ್ಕೋತ ಬೆಳದಾಂವ ನೀ, ಕಾಯೂದು ನಿನಗ ಹೇಳಿಕೊಡಬೇಕಿಲ್ಲ. ಕುಂದರೂ ಜಾಗದಿಂದ 35 ಗಜ ಎಣಿಸಿ ಒಂದು ಕೋಲು ನೆಡು. ಅದರಾಚಿ ಹೊಡೀಬ್ಯಾಡ, ಬಾಜೂದವರು ನಕ್ಕರೂ.

ಹೋಗೂಕಿಂತ ಮೊದಲ ಅಷ್ಟ ದೂರದಾಗ ದೊಡ್ಡ ಕಾಗದ ಕಟ್ಟಿ ಮೂರು ಸಲ ಹೊಡದು ನೋಡು, ಸಲಕ್ಕೊಂದು ಹೊಸ ಕಾಗದ. 30 ಇಂಚಿನ ವರ್ತುಲದಾಗ ಅಂಗೈಯಷ್ಟು ಜಾಗ ಖಾಲಿ ಉಳದ್ರ ಚೋಕು ಇಲ್ಲಾ ಕಾಡತೂಸು ಬದಲ ಮಾಡು.

ತೊಯ್ದ ಕಾಡತೂಸು ಮುಂದಿನ ವರ್ಷಕ್ಕ ಇಡಬ್ಯಾಡ. ಸ್ಟೀಲ್ ಕಾಳು ಜಂಗ ಹಿಡದು ಒಂದ ಉಂಡಿ ಆಗ್ತಾವ.

ಆ ಶಿಕಾರಿ ಚೀಲ ಊರಿಗೆ ಒಯ್ಯಬ್ಯಾಡ. ತಳದಾಗ ಒಂದ ಕಾಡತೂಸು ಉಳಿದಿದ್ರೂ ವಿಮಾನ ನಿಲ್ದಾಣದಾಗ ಆಯುಧ ಕಾಯ್ದೆದ ಕೇಸು, ಅಲ್ಲೆ ಅವ್ವ ಹೊರಗ ಕಾಯ್ಕೋತ ನಿಂತಿರ್ತಾಳ.