ಬರುವ ಸಿಡಿಪಿಯಲ್ಲಿ ಹಳದಿ ಆಗುತ್ತದಂತೆ!

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ನಗರ ಯೋಜನೆ

ಈ ಸಲವೂ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಊರು ಬೇರೆ, ಸರ್ವೆ ನಂಬರು ಬೇರೆ, ದಲ್ಲಾಳಿ ಆಡಿದ ಮಾತು ಮಾತ್ರ ಎಲ್ಲದರಲ್ಲೂ ಒಂದೇ: ಈಗ ಹಸಿರು, ಅಂದರೆ ಕೃಷಿ ವಲಯದಲ್ಲಿರುವ ಜಮೀನು ಬರುವ ಸಿಡಿಪಿಯಲ್ಲಿ, ಅಂದರೆ ಊರಿನ ಮಾಸ್ಟರ್ ಪ್ಲಾನಿನಲ್ಲಿ, ಹಳದಿ, ಅಂದರೆ ವಸತಿ ವಲಯ ಆಗುತ್ತದಂತೆ. ಯೋಜನಾ ಕಚೇರಿಗಳಲ್ಲಿ ಸರ್ವಿಸು ಮುಗಿಸಿ ಬಂದ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಾಗಾಗಿ ಒಂದು ಸಲ ಕೂತು ಪೂರ್ತಿ ಬರೆಯುತ್ತೇನೆ, ಇನ್ನು ಮೇಲೆ ಇದನ್ನೇ ಕೇಳಿದರೆ ಉತ್ತರವಿಲ್ಲ. ಪಹಣಿ ಎಂದರೇನು, ಕನ್ವರ್ಷನ್ ಎಂದರೇನು ಎಂದೆಲ್ಲ ವಿವರಿಸುವುದಿಲ್ಲ. ಜಮೀನು ಕೊಳ್ಳಲು ಹೊರಟವರಿಗೆ ಅಷ್ಟಾದರೂ ಗೊತ್ತಿರಬೇಕು.

ಪ್ರಶ್ನೆ: ದೊಡ್ಡಬಳ್ಳಾಪುರದ ಕಡೆ ಐದು ಗುಂಟೆಯ ಫಾರ್ಮ್ ಪ್ಲಾಟ್ ನೋಡಿದ್ದೇವೆ. ಈಗ ಗ್ರೀನ್ ಬೆಲ್ಟ್‌ನಲ್ಲಿದೆ. ಬರುವ ಸಿಡಿಪಿಯಲ್ಲಿ ಯೆಲ್ಲೋ ಜೋನ್ ಆಗುವುದು ಗ್ಯಾರಂಟಿ ಎಂದು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಡ್ರಾಫ್ಟ್ ಮ್ಯಾಪನ್ನೂ ತೋರಿಸಿದ್ದಾರೆ. ಸೈಟಿನ ಬೆಲೆಗೆ ಹೋಲಿಸಿದರೆ ಬಹಳ ಕಡಿಮೆ. ಮಗಳ ಮದುವೆಗೆಂದು ಇಟ್ಟ ಹಣವಿದೆ. ತೆಗೆದುಕೊಳ್ಳಬಹುದೇ ಸರ್?

ಬೇಡ.

ಮೊದಲು ಆ ಮ್ಯಾಪಿನ ವಿಚಾರ. ದೊಡ್ಡಬಳ್ಳಾಪುರ ಬಿಡಿಎ ವ್ಯಾಪ್ತಿಯದ್ದೇ ಅಲ್ಲ, ಅಲ್ಲಿನ ಯೋಜನಾ ಪ್ರಾಧಿಕಾರ ಬೇರೆ. ಬಿಡಿಎ ಮ್ಯಾಪು ಎಂದು ಅಲ್ಲಿನ ಜಮೀನು ತೋರಿಸಿದವನ ಜೊತೆ ಕಾಫಿ ಕುಡಿಯುವ ಅಗತ್ಯವೂ ಇರಲಿಲ್ಲ. ಹೋಗಲಿ, ಸರಿಯಾದ ಪ್ರಾಧಿಕಾರದ ಕರಡೇ ಎಂದುಕೊಳ್ಳೋಣ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಪ್ರಾಧಿಕಾರ ತಯಾರಿಸಿದ ಮಾಸ್ಟರ್ ಪ್ಲಾನಿಗೆ ಸರ್ಕಾರ ಮೊದಲು ತಾತ್ಕಾಲಿಕ ಒಪ್ಪಿಗೆ ಕೊಡಬೇಕು. ಆಮೇಲೆ ಅದು ಪ್ರಕಟವಾಗಬೇಕು, ಜನರಿಗೆ ಆಕ್ಷೇಪಣೆ ಹೇಳಲು 60 ದಿನ ಸಿಗಬೇಕು, ಬಂದದ್ದನ್ನು ಪರಿಶೀಲಿಸಿ ಪ್ರಾಧಿಕಾರ ಮತ್ತೆ ಸರ್ಕಾರಕ್ಕೆ ಕಳಿಸಬೇಕು. ಅಂತಿಮ ಒಪ್ಪಿಗೆ ಆಮೇಲಿನ ಮಾತು. ಅಲ್ಲಿಯವರೆಗೆ ಆ ಹಾಳೆಯಲ್ಲಿರುವುದು ಬರೀ ಬಣ್ಣ.

ಪ್ರಕಟವಾದ ಕರಡನ್ನೂ ನಂಬಬಾರದು ಎಂಬುದಕ್ಕೆ ಬೆಂಗಳೂರಿಗಿಂತ ಉದಾಹರಣೆ ಬೇಕೇ? 1984ರ ಸಿಡಿಪಿ, 1995ರ ಪರಿಷ್ಕೃತ ಸಿಡಿಪಿ, ಆಮೇಲೆ 2007ರ ಜೂನ್‌ನಲ್ಲಿ ಒಪ್ಪಿಗೆಯಾದ ಪರಿಷ್ಕೃತ ಮಾಸ್ಟರ್ ಪ್ಲಾನ್ 2015. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಅದರಂತೆ 2031ರ ಪ್ಲಾನಿನ ಕರಡು 2017ರ ನವೆಂಬರ್‌ನಲ್ಲಿ ಬಂತು. ಪ್ರಾಧಿಕಾರವೇ ಹೊರಡಿಸಿದ ಅಧಿಕೃತ ಕರಡು ಅದು, ಯಾರದೋ ಬ್ಯಾಗಿನಿಂದ ಹೊರಬಂದದ್ದಲ್ಲ. ಆಕ್ಷೇಪಣೆಗಳು ರಾಶಿ ಬಿದ್ದವು, ವರ್ಷಗಳು ಉರುಳಿದವು, ಕಡೆಗೆ ಸರ್ಕಾರ ಆ ಕರಡನ್ನೇ ಹಿಂದಕ್ಕೆ ತೆಗೆದುಕೊಂಡಿತು. ಅದರ ಹಳದಿ ನೋಡಿ ಜಮೀನು ಕೊಂಡವರಿಗೆ ಉಳಿದದ್ದು 2007ರ ಹಸಿರು. ಈಗ ಬಿಬಿಎಂಪಿಯೂ ಹೋಗಿ 2025ರಲ್ಲಿ ಐದು ಪಾಲಿಕೆ ಬಂದಿವೆ. ಹೊಸ ಪ್ಲಾನಿನ ಸುದ್ದಿ ಮತ್ತೆ ಎದ್ದಿದೆ, ಅದರ ಬೆನ್ನಿಗೇ ಲ್ಯಾಮಿನೇಷನ್ ಮಾಡಿಸಿದ ಮ್ಯಾಪುಗಳೂ.

ಲ್ಯಾಮಿನೇಷನ್ ಎಂದಾಗ ನೆನಪಾಯಿತು. ನಾನು ಒಂದು ಜಿಲ್ಲಾ ಕೇಂದ್ರದಲ್ಲಿದ್ದಾಗ ನಿವೃತ್ತ ಮೇಷ್ಟ್ರೊಬ್ಬರು ಅಂಥದ್ದೊಂದು ನಕ್ಷೆ ಹಿಡಿದು ಬಂದಿದ್ದರು. ನಮ್ಮದೇ ಮೊಹರು, ನಮ್ಮದೇ ಅಳತೆಪಟ್ಟಿ. ಅವರ ಸರ್ವೆ ನಂಬರಿನ ಮೇಲಿನ ಹಳದಿ ಮಾತ್ರ ಅಕ್ಕಪಕ್ಕದ ಹಳದಿಗಿಂತ ಒಂದು ಚೂರು ಗಾಢ. ಬಣ್ಣ ತುಂಬಿದವನಿಗೆ ಛಾಯೆ ಹೊಂದಿಸುವುದು ಮರೆತಿತ್ತು. ತೋರಿಸಿ ಹೇಳಿದಾಗ ಮೇಷ್ಟ್ರು ಒಂದೂ ಮಾತಾಡದೆ ಪ್ಲಾಸ್ಟಿಕ್ಕಿನ ಮೇಲೆ ಬೆರಳಿಟ್ಟು ಉಜ್ಜಿ ನೋಡಿದರು. ಪಿಎಫ್ ಹಣ ಅದು.

ಇನ್ನು ಯಾರೂ ಕೇಳದ ಪ್ರಶ್ನೆ, ನಾನೇ ಕೇಳಿಕೊಳ್ಳುತ್ತೇನೆ. ನಿಜವಾಗಿಯೂ ಹಳದಿ ಆಯಿತು ಎಂದೇ ಇಟ್ಟುಕೊಳ್ಳಿ. ಆಗ ನಿಮ್ಮ ಐದು ಗುಂಟೆ ಸೈಟಾಗುತ್ತದೆಯೇ? ಆಗುವುದಿಲ್ಲ. ಹಳದಿ ಎಂದರೆ ಅಲ್ಲಿ ವಸತಿ ಬಡಾವಣೆಗೆ ಅರ್ಜಿ ಹಾಕಬಹುದು ಎಂದಷ್ಟೇ ಅರ್ಥ. ಬಡಾವಣೆ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಬೇಕು. ರಸ್ತೆಗೆ ಇಷ್ಟು, ಉದ್ಯಾನಕ್ಕೆ ಇಷ್ಟು, ನಾಗರಿಕ ಸೌಲಭ್ಯಕ್ಕೆ ಇಷ್ಟು ಎಂದು ಬಿಟ್ಟುಕೊಟ್ಟ ಮೇಲೆ ಉಳಿದದ್ದು ಸೈಟು. ನಾಲ್ಕು ಎಕರೆಯನ್ನು ಮೂವತ್ತು ಜನಕ್ಕೆ ಗುಂಟೆಗಟ್ಟಲೆ ಹಂಚಿ, ನಡುವೆ ಮಣ್ಣಿನ ದಾರಿ ಬಿಟ್ಟು ಮಾರಿಯಾಗಿದ್ದರೆ ಆ ಉದ್ಯಾನದ ಜಾಗವನ್ನು ಯಾರು ಬಿಡುತ್ತಾರೆ? ಮೂವತ್ತೂ ಜನ ಒಟ್ಟಾಗಿ ಅರ್ಜಿ ಹಾಕಬೇಕು. ಒಬ್ಬರು ಅಮೆರಿಕದಲ್ಲಿರುತ್ತಾರೆ, ಒಬ್ಬರು ತೀರಿಕೊಂಡು ಮಕ್ಕಳ ಪಾರ್ಟಿಷನ್ ಸೂಟು ನಡೆಯುತ್ತಿರುತ್ತದೆ. ಪಹಣಿ ಜಂಟಿಯಾಗಿದ್ದು ಪೋಡಿಯೂ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಆಗಿಲ್ಲದಿದ್ದರೆ ನಿಮ್ಮ ಐದು ಗುಂಟೆ ಆ ನಾಲ್ಕು ಎಕರೆಯಲ್ಲಿ ಎಲ್ಲಿದೆ ಎಂಬುದಕ್ಕೇ ದಾಖಲೆ ಇರುವುದಿಲ್ಲ. ಇನ್ನೊಂದು ಮಾತು. ಹಸಿರನ್ನು ಹಳದಿ ಮಾಡುವಾಗ ನಾವು ಹೊಸ ರಸ್ತೆಗಳನ್ನೂ ಎಳೆಯುತ್ತೇವೆ. ಎಳೆಯುವಾಗ ಕಣ್ಣೆದುರು ಇರುವುದು ಸರ್ವೆ ನಂಬರು, ನಿಮ್ಮ ಕ್ರಯಪತ್ರ ಅಲ್ಲ. ಹಳದಿ ಬಂದ ದಿನವೇ ನಿಮ್ಮ ಪ್ಲಾಟು ರಸ್ತೆಯ ಕೆಳಗೆ ಹೋಗಿರಬಹುದು.

ಅಲ್ಲಿಯವರೆಗೆ ತೋಟದ ಮನೆ ಕಟ್ಟಿಕೊಂಡು ವಾರಕ್ಕೊಮ್ಮೆ ಹೋಗುತ್ತೇವೆ ಎನ್ನುವವರಿಗೆ: ಕೃಷಿ ಜಮೀನಿನಲ್ಲಿ ತೋಟದ ಮನೆಗೆ ಭೂಕಂದಾಯ ಕಾಯ್ದೆಯ 95ನೇ ಕಲಂ ಕೊಡುವ ಅವಕಾಶ ಹಿಡುವಳಿಯ ಶೇ 10ರಷ್ಟು ಮಾತ್ರ. ಗುಂಟೆಗೆ 1,089 ಚದರಡಿ, ಐದು ಗುಂಟೆಗೆ 5,445. ಅದರ ಹತ್ತನೇ ಒಂದು ಭಾಗ 544 ಚದರಡಿ, ಅದೂ ಬೇಸಾಯಗಾರನ ಸ್ವಂತ ಬಳಕೆಗೆ. ಬ್ರೋಷರಿನಲ್ಲಿರುವ ಈಜುಕೊಳ ಯಾವ ಕಲಂನಲ್ಲಿ ಬರುತ್ತದೋ ನನಗೆ ಸಿಕ್ಕಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬುದು ನಿಜ. ಕೊಳ್ಳಬಹುದು, ಅಷ್ಟೇ. ಕೊಂಡ ಮಾತ್ರಕ್ಕೆ ಅದರ ಬಣ್ಣ ಬದಲಾಗುವುದಿಲ್ಲ. “ಇದು ಅಗ್ರಿಕಲ್ಚರ್ ಲ್ಯಾಂಡ್, ರೇರಾ ಬೇಕಾಗಿಲ್ಲ” ಎಂದು ಲಾಭದ ಮಾತಿನಂತೆ ಹೇಳುತ್ತಾರಲ್ಲ, ಮೋಸ ಹೋದರೆ ನೀವು ತಟ್ಟಬಹುದಾಗಿದ್ದ ಒಂದು ಬಾಗಿಲು, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಮುಚ್ಚಿದೆ ಎಂದು ಅದರರ್ಥ.

ನಿಮ್ಮ ಜಾಗಕ್ಕೇ ವಿಶೇಷವಾಗಿ ಇನ್ನೊಂದಿದೆ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ, ಹೆಸರಘಟ್ಟ ದಾಟಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೋಗುತ್ತದೆ. ಆ ಜಲಾನಯನದಲ್ಲಿ ಏನು ಕಟ್ಟಬಹುದು, ಏನು ಕೂಡದು ಎಂದು 2003ರಲ್ಲಿ ಪ್ರತ್ಯೇಕ ಸರ್ಕಾರಿ ಆದೇಶವಾಗಿದೆ, ಮುಂದೆ ತಿದ್ದುಪಡಿಯೂ ಆಗಿದೆ. ಹಸಿರನ್ನು ನಾವು ಬಣ್ಣದ ಪೆನ್ಸಿಲ್ ಉಳಿದಿತ್ತೆಂದು ಬಳಿದಿಲ್ಲ. ಎಷ್ಟೋ ಕಡೆ ಅದರ ಕೆಳಗೆ ಕೆರೆಯಂಗಳವಿದೆ, ಹಳ್ಳದ ದಾರಿಯಿದೆ, ಬಿ ಖರಾಬಿದೆ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗಿಲ್ಲದ ಜಾಗವಿದೆ.

ಇಷ್ಟಾದರೂ ಆಸೆ ಬಿಡದಿದ್ದರೆ, ಒಂದು ರೂಪಾಯಿ ಮುಂಗಡ ಕೊಡುವ ಮುನ್ನ ಆ ಪ್ರಾಧಿಕಾರದ ಕಚೇರಿಗೆ ನೀವೇ ಹೋಗಿ, ಸರ್ವೆ ನಂಬರು ಕೊಟ್ಟು, ಇಂದು ಜಾರಿಯಲ್ಲಿರುವ ಪ್ಲಾನಿನಲ್ಲಿ ಭೂ ಉಪಯೋಗ ಏನಿದೆ ಎಂದು ಬರಹದಲ್ಲಿ ದೃಢೀಕರಣ ಪಡೆಯಿರಿ. ದಲ್ಲಾಳಿ ತಂದುಕೊಟ್ಟದ್ದು ಲೆಕ್ಕಕ್ಕಿಲ್ಲ. ಜಮೀನಿನ ಮೇಲೆ ನಿಂತು ಫೋನಿನಲ್ಲಿ, ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ತೆರೆಯಿರಿ. ತೋರಿಸಿದ ಜಾಗ ಒಂದು, ಕಾಗದದ ಸರ್ವೆ ನಂಬರು ಇನ್ನೊಂದು ಆಗಿರುವುದು ಅಪರೂಪವೇನಲ್ಲ. ಗ್ರಾಮ ನಕ್ಷೆಯಲ್ಲಿ ಹಳ್ಳ ಎಲ್ಲಿ ಹರಿಯುತ್ತದೆ ನೋಡಿ.

ಹಸಿರು ಹಳದಿಯಾಗಿ ಕೋಟ್ಯಧೀಶರಾದವರಿಲ್ಲವೇ ಎಂದು ಕೇಳುತ್ತೀರಿ. ಇದ್ದಾರೆ. ಸರ್ಜಾಪುರದ ಕಡೆ ಜಮೀನು ಕೊಂಡ ನನ್ನ ಸಹಪಾಠಿಯೊಬ್ಬ ಈಗಲೂ ಸಿಕ್ಕಾಗಲೆಲ್ಲ ನನ್ನ ಪುಕ್ಕಲುತನ ನೋಡಿ ನಗುತ್ತಾನೆ. ಅವನ ಬಳಿ ಕಳೆದುಕೊಂಡರೂ ಪರವಾಗಿಲ್ಲ ಎನ್ನುವಷ್ಟು ಹಣವಿತ್ತು. ನಿಮ್ಮದು ಮಗಳ ಮದುವೆಯ ಹಣ.

ಪ್ರಶ್ನೆ: ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) 11-ಬಿ ನಮೂನೆ ಇದೆ. ಅಂದರೆ ಬಡಾವಣೆಗೆ ಒಪ್ಪಿಗೆ ಇದ್ದ ಹಾಗೇ ಅಲ್ಲವೇ?

ಅಲ್ಲ.

ಪ್ರಶ್ನೆ: ಅಕ್ರಮ-ಸಕ್ರಮ ಯಾವಾಗ ಬರುತ್ತದೆ? ಅಲ್ಲಿಯವರೆಗೆ ಎರಡನೇ ಮಹಡಿ ಹಾಕಿಬಿಡಲೇ?

ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ತಪ್ಪನ್ನು ಮೊದಲು ಮಾಡಿ ಮಾಫಿಗೆ ಕಾಯುವವರಿಗೆ ಈ ಅಂಕಣದಲ್ಲಿ ಸಲಹೆ ಇಲ್ಲ.

ಪ್ರಶ್ನೆ: ನಮ್ಮ ಜಾಗವನ್ನು ಪ್ಲಾನಿನಲ್ಲಿ ಪಾರ್ಕ್ ಎಂದು ತೋರಿಸಿ ಎಂಟು ವರ್ಷವಾಯಿತು. ಪರಿಹಾರವೂ ಇಲ್ಲ, ಕಟ್ಟಲೂ ಬಿಡುತ್ತಿಲ್ಲ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಮೇಲೆ ಹೇಳಿದ 1961ರ ಯೋಜನಾ ಕಾಯ್ದೆಯ 69ನೇ ಕಲಂ ಓದಿ. ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಿದ ಜಾಗವನ್ನು ಪ್ಲಾನ್ ಪ್ರಕಟವಾದ ಐದು ವರ್ಷದೊಳಗೆ ಒಪ್ಪಂದದಿಂದ ಪಡೆಯದಿದ್ದರೆ, ಭೂಸ್ವಾಧೀನವನ್ನೂ ಶುರು ಮಾಡದಿದ್ದರೆ ಆ ಗುರುತು ಬಿದ್ದುಹೋಗುತ್ತದೆ. ಐದು ವರ್ಷ ಎಣಿಸುವುದು ಅಂತಿಮ ಪ್ಲಾನ್ ಗೆಜೆಟ್ಟಿನಲ್ಲಿ ಬಂದ ದಿನದಿಂದ, ಆ ಪ್ರತಿ ಮೊದಲು ಹುಡುಕಿ. ಆದರೆ ಕಚೇರಿಯಲ್ಲಿ ಯಾರೂ ಎದ್ದು ಬಂದು ನಿಮ್ಮ ಹಸಿರನ್ನು ಅಳಿಸುವುದಿಲ್ಲ. ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ, ಉತ್ತರ ಬರದಿದ್ದರೆ ಹೈಕೋರ್ಟ್ ವಕೀಲರನ್ನು ಕಾಣಿ. “ಕಲರ್ ಚೇಂಜ್ ಮಾಡಿಸಿಕೊಡುತ್ತೇವೆ” ಎನ್ನುವ ಕನ್ಸಲ್ಟೆಂಟರ ಬಳಿ ಹೋಗಬೇಡಿ. ಅವರು ಮಾಡುವುದು ನೀವೇ ಹಾಕಬಹುದಾದ ಅರ್ಜಿಯನ್ನು, ಹತ್ತು ಪಟ್ಟು ದುಡ್ಡಿಗೆ.

ಪ್ರಶ್ನೆ: ಕೆರೆಯಿಂದ 75 ಮೀಟರ್ ಬಿಡಬೇಕೋ 30 ಮೀಟರೋ?

75 ಎಂದದ್ದು 2016ರಲ್ಲಿ ಹಸಿರು ನ್ಯಾಯಮಂಡಳಿ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಬೆಂಗಳೂರಿಗೆ ಮಾಸ್ಟರ್ ಪ್ಲಾನಿನ 30 ಮೀಟರನ್ನೇ ಉಳಿಸಿತು. ಈ ಅಳತೆಗೆ ಸರ್ಕಾರ ಆಗಾಗ ಕೈ ಹಾಕುತ್ತಲೇ ಇರುತ್ತದೆ, ಕಟ್ಟುವ ದಿನದ ನಿಯಮ ಕೇಳಿ ತಿಳಿಯಿರಿ. ನಾನಾದರೆ 75 ಬಿಡುತ್ತೇನೆ. ಮಳೆ ನೀರಿಗೆ ಕೋರ್ಟಿನ ಆದೇಶ ಓದಲು ಬರುವುದಿಲ್ಲ.

ಪ್ರಶ್ನೆ: ಇಡೀ ಜಿಲ್ಲೆಗೆ ಒಂದು ಯೋಜನೆ ಅಂತ ಇರುವುದಿಲ್ಲವೇ? ಅದನ್ನು ಎಲ್ಲಿ ನೋಡಬಹುದು?

ಇರಬೇಕು. ಸಂವಿಧಾನದ 243ಝೆಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕು ಎನ್ನುತ್ತದೆ. ಊರು, ಪೇಟೆ ಎರಡರ ಯೋಜನೆಗಳನ್ನೂ ಒಟ್ಟುಗೂಡಿಸುವುದು, ನೀರು ಮತ್ತಿತರ ಸಂಪನ್ಮೂಲವನ್ನು ಹಂಚುವುದು ಅದರ ಕೆಲಸ. ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ, ನಗರಸಭೆ, ಪುರಸಭೆಗಳ ಚುನಾಯಿತರೊಳಗಿಂದಲೇ ಆಯ್ಕೆಯಾಗಬೇಕು. ನಮ್ಮಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತರೇ ಇಲ್ಲದ ಕಡೆ ಅವರಿಂದ ಸಮಿತಿ ಹೇಗೆ ಮಾಡುವುದು ಎಂದು ನೀವು ನನ್ನನ್ನು ಕೇಳಬೇಡಿ, ಮತ ಕೇಳಲು ಬಂದವರನ್ನು ಕೇಳಿ. ಆದದ್ದು ಇಷ್ಟು: ಪಟ್ಟಣದ ಪ್ರಾಧಿಕಾರ ತನ್ನ ಗಡಿಯೊಳಗೆ ಬಣ್ಣ ಬಳಿಯುತ್ತದೆ, ಗಡಿಯಾಚೆಯ ಕೆರೆಯಿಂದ ನೀರು ಬರುತ್ತದೆಂದು ಬರೆದುಕೊಳ್ಳುತ್ತದೆ, ಆ ಕೆರೆಯ ಊರಿನವರನ್ನು ಯಾರೂ ಕೇಳಿರುವುದಿಲ್ಲ.

ಪ್ರಶ್ನೆ: ಆಕ್ಷೇಪಣೆ ಬರೆದರೆ ಯಾರಾದರೂ ಓದುತ್ತಾರೆಯೇ?

ನಾನು ಓದುತ್ತಿದ್ದೆ. ಒಂದೇ ಒಕ್ಕಣೆಯ ಐನೂರು ಜೆರಾಕ್ಸ್ ಪತ್ರ ಬಂದರೆ ಗುಮಾಸ್ತರು ಕಟ್ಟು ಕಟ್ಟಿ ಒಂದೇ ಆಕ್ಷೇಪಣೆ ಎಂದು ದಾಖಲಿಸುತ್ತಿದ್ದರು. ತೂಕ ಬರುವುದು ಹೀಗೆ ಬರೆದದ್ದಕ್ಕೆ: ಗ್ರಾಮ, ಹೋಬಳಿ, ಸರ್ವೆ ನಂಬರು, ನಕ್ಷೆಯ ಹಾಳೆ ಸಂಖ್ಯೆ, ಅಲ್ಲಿ ಏನು ತೋರಿಸಿದ್ದಾರೆ, ನೆಲದ ಮೇಲೆ ನಿಜವಾಗಿ ಏನಿದೆ, ಏನಾಗಬೇಕು. ಒಂದು ಪುಟ ಸಾಕು. ಹಳ್ಳಿಯೊಂದರ ಹೆಣ್ಣುಮಗಳೊಬ್ಬರು, ಪ್ರಸ್ತಾವಿತ ರಸ್ತೆ ತಮ್ಮೂರಿನ ಗೋಕಟ್ಟೆಯ ಮೇಲೆ ಹಾದಿದೆ ಎಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲ್ಲಿಂದ ಚಿತ್ರ ಬರೆದು ಕಳಿಸಿದ್ದರು. ನಮ್ಮ ನಕ್ಷೆಯಲ್ಲಿ ಗೋಕಟ್ಟೆಯೇ ಇರಲಿಲ್ಲ. ಹೋಗಿ ನೋಡಿದೆವು, ಇತ್ತು. ರಸ್ತೆಯನ್ನು ಸರಿಸಿದೆವು. 60 ದಿನ ಕಳೆದ ಮೇಲೆ ಶಾಸಕರ ಲೆಟರ್‌ಹೆಡ್ಡಿನಲ್ಲಿ ಬಂದವು ಎಷ್ಟೋ ಕಡತದಲ್ಲೇ ಉಳಿದವು.

ಪ್ರಶ್ನೆ: ಹೊಸ ಪ್ಲಾನಿನ ರಸ್ತೆಯಿಂದ ನಮ್ಮ ಮನೆಗೆ ನೈಋತ್ಯದಲ್ಲಿ ರೋಡ್ ಹಿಟ್ (ರಸ್ತೆ ನೇರವಾಗಿ ಮನೆಗೆ ಬಂದು ತಾಗುವುದು) ಬರುತ್ತದೆ. ವಾಸ್ತು ತಜ್ಞರ ಪತ್ರವಿದೆ. ಆಕ್ಷೇಪಣೆಯ ಜೊತೆ ಲಗತ್ತಿಸಬಹುದೇ?

ಲಗತ್ತಿಸಿ. ಅಂಥ ಪತ್ರಗಳ ಮೇಲೆ ನಾನು ಬರೆಯುತ್ತಿದ್ದ ಷರಾ: “ಪರಿಗಣಿಸಲು ಅವಕಾಶವಿಲ್ಲ, ಕಡತಕ್ಕೆ ಸೇರಿಸಿ.”